ಕಾಗದದ ಹಾರ್ನ್ ಮತ್ತು ಕೊನೆಯ ಬೆಂಚು

ಬೋಧನಾಭ್ಯಾಸದ ಮೊದಲ ವಾರ ನನ್ನ ಪಾಠ ವೀಕ್ಷಣೆಯ ಪುಸ್ತಕದಲ್ಲಿ ಮೂರು ದಿನವೂ ಒಂದೇ ಷರಾ ಇತ್ತು: ‘ವಿಷಯ ಜ್ಞಾನ ಉತ್ತಮ. ಧ್ವನಿ ಕೊನೆಯ ಬೆಂಚಿಗೆ ತಲುಪುತ್ತಿಲ್ಲ.’ ನಾಲ್ಕನೆಯ ದಿನ ಮಾರ್ಗದರ್ಶಕ ಶಿಕ್ಷಕಿ ಅಷ್ಟನ್ನೂ ಬರೆಯಲಿಲ್ಲ. ‘ಅದೇ’ ಎಂದು ಬರೆದು ಸಹಿ ಹಾಕಿದರು.

ಶಾಲೆ ಇರುವುದು ಮಾಗಡಿ ರಸ್ತೆಗೆ ಅಂಟಿಕೊಂಡು. ತಾವರೆಕೆರೆ ಕಡೆಯ ಲಾರಿಗಳು, ಸ್ಟಾಪಿನಲ್ಲಿ ಬ್ರೇಕ್ ಹಾಕುವ ಬಸ್ಸುಗಳು, ನಡುವೆ ಎಲ್ಲರ ಹಾರನ್ನು. ಒಂಬತ್ತನೇ ತರಗತಿಯ ಕಿಟಕಿಗಳೆಲ್ಲ ಆ ಕಡೆಗೇ ತೆರೆಯುತ್ತವೆ. ಮುಚ್ಚಿದರೆ ಸೆಕೆ, ತೆರೆದರೆ ರಸ್ತೆಯೇ ಪಾಠ ಮಾಡುತ್ತದೆ. ನನ್ನ ಗಂಟಲು ಚಿಕ್ಕಂದಿನಿಂದಲೂ ಸಣ್ಣದು. ಸೂಕ್ಷ್ಮ ಬೋಧನೆಯಲ್ಲಿ ಎದುರಿಗೆ ಹತ್ತು ಜನ ಸಹಪಾಠಿಗಳಷ್ಟೇ ಇದ್ದುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ, ನನಗೂ ಸೇರಿ.

ಎರಡನೆಯ ವಾರಕ್ಕೆ ನನ್ನ ಪಾಲಿಗೆ ಬಂದ ಘಟಕ ‘ಶಬ್ದ’. ಕಲಿಕೋಪಕರಣ ಏನು ಮಾಡುವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ನಮ್ಮ ಮನೆ ಹೇರೋಹಳ್ಳಿಯಲ್ಲಿ. ಅಪ್ಪ ಸುಮಾರು ಇಪ್ಪತ್ತು ವರ್ಷ ಮೈಕ್ ಸೆಟ್ ಇಟ್ಟುಕೊಂಡಿದ್ದವರು. ಗಣೇಶ, ರಾಜ್ಯೋತ್ಸವ, ಊರ ಜಾತ್ರೆ, ಮದುವೆ, ಸಾವಿನ ಮನೆಯ ಭಜನೆ ಎಲ್ಲಕ್ಕೂ ಅಪ್ಪನದೇ ಹಾರ್ನ್. ಆಮೇಲೆ ಆಳೆತ್ತರದ ಡಿಜೆ ಪೆಟ್ಟಿಗೆಗಳು ಬಂದವು, ಹಾರ್ನ್ ಕೇಳುವವರು ಕಡಿಮೆಯಾದರು. ಈಗ ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಮಾರಿ ಉಳಿದ ನಾಲ್ಕು ಹಾರ್ನು, ಆರು ಯೂನಿಟ್ಟು, ಒಂದು ಹಳೆಯ ಆಂಪ್ಲಿಫೈಯರು ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಾರ್ನ್ ಎಂದರೆ ಬರೀ ತಗಡಿನ ಕೊಳವೆ. ಅದರ ಹಿಂದೆ ತಿರುಗಿಸಿ ಹಾಕುವ, ತೆಂಗಿನಕಾಯಿ ಗಾತ್ರದ ಭಾರದ ಭಾಗವೇ ಯೂನಿಟ್ಟು. ಅಯಸ್ಕಾಂತ, ಕಾಯಿಲ್, ತೆಳ್ಳನೆಯ ಡಯಾಫ್ರಂ ಎಲ್ಲ ಇರುವುದು ಅದರೊಳಗೆ.

ಪಾಠದ ದಿನ ಮುಖ್ಯ ಶಿಕ್ಷಕರ ಅನುಮತಿ ಪಡೆದು, ಒಂದು ಯೂನಿಟ್ಟನ್ನು ಮೇಜಿನ ಮೇಲಿಟ್ಟು ಫೋನಿನಿಂದ ಹಾಡು ಹಾಕಿದೆ. (ಶಾಲೆಯ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದನ್ನೂ ಮಕ್ಕಳಿಗೆ ಹೇಳಿಯೇ ವಾಲ್ಯೂಮನ್ನು ತೀರ ಕೆಳಗಿಟ್ಟಿದ್ದೆ.) ಬರೀ ಯೂನಿಟ್ಟಿನಿಂದ ಬಂದದ್ದು ಸೊಳ್ಳೆ ಹಾಡಿದಷ್ಟು ದನಿ. ವಾಲ್ಯೂಮ್ ಮುಟ್ಟದೆ ಅದಕ್ಕೆ ಹಾರ್ನ್ ತಿರುಗಿಸಿ ಹಾಕಿದೆ. ಹಾಡು ಇಡೀ ಕೋಣೆ ತುಂಬಿತು. ಮಕ್ಕಳು ಓ ಎಂದರು. ಬೋಧನಾಭ್ಯಾಸ ಶುರುವಾದ ಮೇಲೆ ನಾನು ಕೇಳಿದ ಮೊದಲ ಓ ಅದು.

‘ಯಾಕೆ ಹೀಗಾಯ್ತು?’ ಎಂದು ಕೇಳಿದೆ. ಉತ್ತರ ಪಾಠ ಯೋಜನೆಯಲ್ಲಿ ಸಿದ್ಧವಿತ್ತು. ಪಠ್ಯದಲ್ಲಿ ಮೆಗಾಫೋನು, ಹಾರ್ನು, ಶಹನಾಯಿ ಎಲ್ಲವೂ ಶಬ್ದದ ಬಹುಪ್ರತಿಫಲನದ ಉಪಯೋಗಗಳಡಿ ಬರುತ್ತವೆ. ಶಬ್ದ ಗೋಡೆಗೆ ಬಡಿದು ಬಡಿದು, ಎಲ್ಲ ಕಡೆ ಚದುರದೆ ಮುಂದಕ್ಕೇ ಹೋಗುತ್ತದೆ ಎಂಬ ವಿವರಣೆ. ಅದನ್ನೇ ಹೇಳಿ, ಹಲಗೆಯ ಮೇಲೆ ಬಾಣದ ಗುರುತು ಹಾಕಿ ಚಿತ್ರವನ್ನೂ ಬರೆದೆ.

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ‘ಮಿಸ್, ಮುಂದಕ್ಕೆ ಮಾತ್ರ ಕಳಿಸೋದಾದ್ರೆ ಹಿಂದೆ ನಿಂತೋರಿಗೆ ಕಮ್ಮಿ ಆಗ್ಬೇಕಲ್ವಾ? ನೀವು ಹಾರ್ನ್ ಹಿಂದೆ ನಿಂತಿದ್ರಿ. ನಿಮಗೂ ಜಾಸ್ತಿ ಕೇಳಿಸ್ತಾ, ಕಮ್ಮಿ ಕೇಳಿಸ್ತಾ?’

ನನಗೂ ಜಾಸ್ತಿಯೇ ಕೇಳಿಸಿತ್ತು. ಇದ್ದ ಶಬ್ದವನ್ನೇ ಒಟ್ಟುಮಾಡಿ ಮುಂದಕ್ಕೆ ತಳ್ಳುವುದಷ್ಟೇ ಹಾರ್ನಿನ ಕೆಲಸವಾಗಿದ್ದರೆ ಹಾಗಾಗಬಾರದು. ಎಲ್ಲಿಂದಲೋ ಹೆಚ್ಚಿನ ಶಬ್ದ ಬಂದಿದೆ. ಎಲ್ಲಿಂದ? ‘ನಾಳೆ ಹೇಳ್ತೀನಿ’ ಎಂದೆ. ಆ ದಿನದ ಷರಾ: ‘ಉಪಕರಣ ಚೆನ್ನಾಗಿದೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರಿಸಲಿಲ್ಲ.’

ರಾತ್ರಿ ಅಪ್ಪನಿಗೆ ಹೇಳಿದೆ. ಅಪ್ಪ ಓದಿದ್ದು ಏಳನೇ ತರಗತಿ. ಮೂಲೆಯಲ್ಲಿದ್ದ ಬೀಸಣಿಗೆ ತೆಗೆದುಕೊಂಡು, ಮೊದಲು ಅದರ ಹಿಡಿಯ ಕಡ್ಡಿಯನ್ನು ನನ್ನ ಮುಖದ ಮುಂದೆ ಆಡಿಸಿದರು. ‘ಗಾಳಿ ಬಂತಾ?’ ಇಲ್ಲ. ಬೀಸಣಿಗೆಯನ್ನು ತಿರುಗಿಸಿ ಅದೇ ವೇಗದಲ್ಲಿ ಬೀಸಿದರು. ಬಂತು. ‘ಕೈ ಬಲ ಒಂದೇ ಕಣಮ್ಮ. ಕಡ್ಡಿಗೆ ಗಾಳಿ ಸಿಗಲ್ಲ, ಜಾರ್ಕೊಂಡು ಹೋಗುತ್ತೆ. ಬೀಸಣಿಗೆಗೆ ಸಿಗುತ್ತೆ. ಯೂನಿಟ್ ಕಡ್ಡಿ, ಹಾರ್ನ್ ಬೀಸಣಿಗೆ.’

ಬಿ.ಎಸ್ಸಿ.ಯಲ್ಲಿ ಧ್ವನಿ ಪ್ರತಿಬಾಧೆ ಎಂಬ ಮಾತನ್ನು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಅದರ ಅರ್ಥ ಇದೇ ಎಂದು ಆಗ ಹೊಳೆಯಿತು. ಗಾಳಿ ಬಹಳ ಹಗುರ. ಅದರ ಪಕ್ಕದಲ್ಲಿ ಡಯಾಫ್ರಮ್ಮು, ಕಾಯಿಲ್ಲು ಎಲ್ಲ ಭಾರ. ಸಣ್ಣ ಡಯಾಫ್ರಂ ಅದುರಿದರೆ ಎದುರಿನ ಗಾಳಿ ಸುಮ್ಮನೆ ಅತ್ತಿತ್ತ ಸರಿದುಕೊಳ್ಳುತ್ತದೆ, ಒತ್ತಡ ಹುಟ್ಟುವುದಿಲ್ಲ. ಕೊಟ್ಟ ವಿದ್ಯುತ್ತೆಲ್ಲ ಕಾಯಿಲನ್ನು ಬಿಸಿ ಮಾಡುವುದಕ್ಕೇ ಸರಿಹೋಗುತ್ತದೆ. ಹಾರ್ನಿನ ಗಂಟಲು ಕಿರಿದು, ಅಲ್ಲಿ ಗಾಳಿಗೆ ಸರಿಯಲು ಜಾಗವಿಲ್ಲ, ಒತ್ತಿಸಿಕೊಳ್ಳಲೇಬೇಕು. ಆ ಒತ್ತಡ ಮೆಲ್ಲಗೆ ಅಗಲವಾಗುತ್ತ ಬಾಯಿಯವರೆಗೆ ಬಂದು ಹೊರಗಿನ ಗಾಳಿಗೆ ಸೇರುತ್ತದೆ. ಗಂಟಲಿನಲ್ಲಿ ಹೆಚ್ಚು ಒತ್ತಡ, ಕಡಿಮೆ ಜಾಗ. ಬಾಯಲ್ಲಿ ಕಡಿಮೆ ಒತ್ತಡ, ಹೆಚ್ಚು ಜಾಗ. ಕರೆಂಟಿಗೆ ಟ್ರಾನ್ಸ್‌ಫಾರ್ಮರ್ ಹೇಗೋ ಶಬ್ದಕ್ಕೆ ಹಾರ್ನ್ ಹಾಗೆ. ಪಠ್ಯದ ಮಾತು ತಪ್ಪಲ್ಲ, ಹಾರ್ನ್ ದಿಕ್ಕನ್ನೂ ಕೊಡುತ್ತದೆ. ಆದರೆ ಅದು ಅರ್ಧ ಉತ್ತರ.

ಲೆಕ್ಕದಲ್ಲಿ ನೋಡಿದರೆ ಇನ್ನೂ ಚೆನ್ನಾಗಿದೆ. ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆಂದು ಅಳೆದರೆ ಅದೇ ಅದರ ಸೆನ್ಸಿಟಿವಿಟಿ. ಮನೆಯಲ್ಲಿಡುವ ಸಾಮಾನ್ಯ ಪೆಟ್ಟಿಗೆ ಸ್ಪೀಕರಿಗೆ ಇದು 85ರಿಂದ 88 ಇರುತ್ತದೆ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲೂ ಶಬ್ದವಾಗುವುದಿಲ್ಲ. ಒಳ್ಳೆಯ ಹಾರ್ನಿಗೆ 105, 107. ಇಪ್ಪತ್ತು ಡೆಸಿಬೆಲ್ ವ್ಯತ್ಯಾಸ ಎಂದರೆ ಶಕ್ತಿಯಲ್ಲಿ ನೂರು ಪಟ್ಟು. ಪೆಟ್ಟಿಗೆ ಸ್ಪೀಕರು 100 ವ್ಯಾಟ್ ತಿಂದು ಮಾಡುವ ಸದ್ದನ್ನು ಹಾರ್ನ್ 1 ವ್ಯಾಟಿನಲ್ಲಿ ಮಾಡುತ್ತದೆ. 1915ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜೆನ್ಸೆನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು ಕಾಯಿಲ್ ಇರುವ ಧ್ವನಿವರ್ಧಕ ಮಾಡಿದಾಗ ಅದಕ್ಕೆ ಹಾರ್ನನ್ನೇ ಜೋಡಿಸಿದ್ದರು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದ 1934ರ ಕಾಲಕ್ಕೂ ಆಂಪ್ಲಿಫೈಯರುಗಳ ಶಕ್ತಿ ಕೆಲವೇ ವ್ಯಾಟು. ಇಡೀ ಟಾಕೀಸಿಗೆ ಕೇಳಿಸಬೇಕಾದರೆ ಪರದೆಯ ಹಿಂದೆ ಹಾರ್ನ್ ಇರಲೇಬೇಕಿತ್ತು. ವ್ಯಾಟು ಅಗ್ಗವಾದ ಮೇಲೆ ಹಾರ್ನ್ ಮನೆಯೊಳಗಿಂದ ಹೊರಟು ಕಂಬ ಹತ್ತಿತು.

ಬೀಸಣಿಗೆಯ ಉತ್ತರವನ್ನು ಮರುದಿನ ಹೇಳಿದೆ, ಆ ಹುಡುಗಿ ಒಪ್ಪಿದಳು. ಆದರೆ ನನಗೆ ಇನ್ನೊಂದು ಆಸೆ ಹುಟ್ಟಿತ್ತು. ಅಪ್ಪನ ಹಾರ್ನ್ ಮಡಚಿದ ಬಗೆಯದು. ಶಬ್ದ ನಡುಕೊಳವೆಯಲ್ಲಿ ಮುಂದೆ ಹೋಗಿ, ತಿರುಗಿ ಹಿಂದೆ ಬಂದು, ಮತ್ತೆ ಮುಂದಕ್ಕೆ ಹೊರಡುತ್ತದೆ. ಮಳೆ ನೀರು ಒಳಗೆ ಹೋಗದಿರಲು, ಸಾಗಿಸಲು ಅದೇ ಒಳ್ಳೆಯದು. ಮಕ್ಕಳಿಗೆ ಒಳಗಿನ ಆಕಾರ ಮಾತ್ರ ಕಾಣುವುದಿಲ್ಲ. ಕಣ್ಣಿಗೆ ಕಾಣುವ ನೇರ ಹಾರ್ನ್ ಒಂದನ್ನು ಮನೆಯಲ್ಲೇ ಮಾಡಬೇಕು, ಅದರಲ್ಲಿ ಹಾಡೂ ಕೇಳುವಂತಿರಬೇಕು ಎಂದುಕೊಂಡೆ. ಅಪ್ಪ ಮೊದಲು ‘ಓದೋದು ಬಿಟ್ಟು ಇದ್ಯಾಕೆ’ ಎಂದರು. ಮರುದಿನ ಅವರೇ ಆಟೋದಲ್ಲಿ ಒಂದು ಕಟ್ಟು ಹಳೆಯ ಪೇಪರ್ ಹಾಕಿಕೊಂಡು ಬಂದರು.

ಲೆಕ್ಕ ಹೀಗೆ. 300 ಹರ್ಟ್ಸ್‌ನಿಂದ ಮೇಲೆ ಕೆಲಸ ಮಾಡಿದರೆ ಮಾತಿಗೆ ಸಾಕು ಎಂದು ಆರಿಸಿಕೊಂಡೆ. ಬಾಯಿಯ ಸುತ್ತಳತೆ ಆ ಆವರ್ತದ ತರಂಗದೂರದಷ್ಟಿರಬೇಕು. 344ನ್ನು 300ರಿಂದ ಭಾಗಿಸಿದರೆ 1.15 ಮೀಟರ್, ಅಂದರೆ ಬಾಯಿಯ ವ್ಯಾಸ ಮೂವತ್ತಾರೂವರೆ ಸೆಂಟಿಮೀಟರ್. ಗಂಟಲು ಒಂದು ಇಂಚು. ನಡುವಿನ ವಿಸ್ತೀರ್ಣ ಪ್ರತಿ 6.3 ಸೆಂಟಿಮೀಟರಿಗೊಮ್ಮೆ ಎರಡರಷ್ಟಾಗುತ್ತ ಹೋಗಬೇಕು. ಗುಣೋತ್ತರ ಶ್ರೇಢಿಯನ್ನು ಕೈಯಿಂದ ಮುಟ್ಟಿ ನೋಡಿದ್ದು ಅದೇ ಮೊದಲು. ಗಂಟಲಿನಿಂದ 10 ಸೆಂಟಿಮೀಟರಿಗೆ ವ್ಯಾಸ 4.4, 20ಕ್ಕೆ 7.6, 30ಕ್ಕೆ 13.1, 40ಕ್ಕೆ 22.7, ಒಟ್ಟು ಉದ್ದ 49ರ ಹತ್ತಿರ. ಅರ್ಧ ದಾರಿಯವರೆಗೆ ಏನೂ ಆಗುತ್ತಿಲ್ಲವೆನ್ನಿಸುತ್ತದೆ, ಕೊನೆಯ ಗೇಣಿನಲ್ಲಿ ಉಮ್ಮತ್ತಿ ಹೂವಿನಂತೆ ಒಮ್ಮೆಗೇ ಅರಳಿಬಿಡುತ್ತದೆ.

ರಟ್ಟಿನಲ್ಲಿ ಈ ಅಳತೆಯ ಬಿಲ್ಲೆಗಳನ್ನು ಕತ್ತರಿಸಿ, ಒಂದು ಪೈಪಿಗೆ ಪೋಣಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ ಅಚ್ಚು ಮಾಡಿದೆವು. ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಪೇಪರ್ ಪಟ್ಟಿಗಳನ್ನು ಅಂಟಿಸುತ್ತ ಹೋಗುವುದು. ಅಂಟು ಅಪ್ಪನ ಕಾಲದ್ದೇ: ಸಿನಿಮಾ ಪೋಸ್ಟರ್ ಹಚ್ಚುವವರು ಕಾಯಿಸುತ್ತಿದ್ದ ಮೈದಾ ಗಂಜಿ, ಹುಳ ಹಿಡಿಯದಿರಲು ಚೂರು ಮೈಲುತುತ್ತ. ನಾನು ಒಂದಿಷ್ಟು ಫೆವಿಕಾಲನ್ನೂ ಸೇರಿಸಿದೆ. ಒಂದು ಪದರ ಅಡ್ಡ, ಒಂದು ಉದ್ದ, ಹೀಗೆ ಹನ್ನೆರಡು. ಮೂರು ಪದರಕ್ಕೊಮ್ಮೆ ತಾರಸಿಯ ಬಿಸಿಲಿಗೆ. ಅವಸರ ಮಾಡಿದ ಮೊದಲ ಹಾರ್ನ್ ಒಳಗೆ ಹಸಿಯಿದ್ದು ಬೂಷ್ಟು ಹಿಡಿಯಿತು, ಅಮ್ಮ ಅದನ್ನು ಒಲೆಗೆ ಹಾಕಿ ನೀರು ಕಾಯಿಸಿದಳು. ಎರಡನೆಯದು ನಿಂತಿತು. ಯೂನಿಟ್ಟಿನ ಕುತ್ತಿಗೆಗೂ ಕಾಗದದ ಗಂಟಲಿಗೂ ನಡುವೆ ಬೇಕಾದ ತುಂಡನ್ನು ಸುಂಕದಕಟ್ಟೆಯ ಲೇತ್ ಅಂಗಡಿಯಲ್ಲಿ ಅಪ್ಪನ ಹಳೆಯ ಗೆಳೆಯರೊಬ್ಬರು ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಆಮೇಲೆ ನನ್ನದೇ ತಪ್ಪಿನಿಂದ ಒಂದು ಡಯಾಫ್ರಂ ಹೋಯಿತು. ಫೋನಿನ ಆ್ಯಪಿನಲ್ಲಿ 20 ಹರ್ಟ್ಸ್‌ನಿಂದ ಮೇಲಕ್ಕೆ ಸ್ವರ ಏರಿಸುತ್ತ ಪರೀಕ್ಷಿಸಲು ಹೊರಟೆ. 300ಕ್ಕಿಂತ ಕೆಳಗೆ ಹಾರ್ನ್ ಹಾರ್ನಲ್ಲ. ಡಯಾಫ್ರಮ್ಮಿಗೆ ಒರಗಲು ಗಾಳಿಯಿಲ್ಲ, ಅದು ಬೇಕಾಬಿಟ್ಟಿ ಕುಣಿಯುತ್ತದೆ. ಪಟ್ ಎಂದಿತು, ಮುಗಿಯಿತು. ‘ಕಂಡೆನ್ಸರ್ ಹಾಕ್ದೆ ಯಾರಾದ್ರೂ ಓಡಿಸ್ತಾರಾ?’ ಎಂದು ಅಪ್ಪ ಬೈದರು. ನಾವು ಕೆಪಾಸಿಟರ್ ಎನ್ನುವುದನ್ನು ಅವರು ಇಂದಿಗೂ ಕಂಡೆನ್ಸರ್ ಎನ್ನುತ್ತಾರೆ. ಯೂನಿಟ್ಟು 16 ಓಮ್. 300 ಹರ್ಟ್ಸ್‌ನ ಕೆಳಗಿನದನ್ನು ತಡೆಯಲು ಸಾಲಿನಲ್ಲಿ 33 ಮೈಕ್ರೊಫ್ಯಾರಡ್ ಬೇಕು. ಎಸ್.ಪಿ. ರಸ್ತೆಗೆ ಹೋಗಿ ಹೊಸ ಡಯಾಫ್ರಂ, ಕೆಪಾಸಿಟರು, ಒಂದು ಪುಟ್ಟ ಆಂಪ್ಲಿಫೈಯರ್ ಬೋರ್ಡು ತಂದೆವು. ಹಳೆಯ ಆಂಪ್ಲಿಫೈಯರು ಕಂಬದ ಮೇಲಿನ ಹಾರ್ನಿಗೆ ಸರಿ, ಕೋಣೆಯೊಳಗೆ ಅದರ ‘ಸುಯ್’ ಎಂಬ ಸದ್ದೇ ಹಾಡಿಗಿಂತ ಮುಂದೆ ಬರುತ್ತಿತ್ತು. ಸೆನ್ಸಿಟಿವಿಟಿ ಹೆಚ್ಚಿದ್ದರೆ ಇದೊಂದು ತೊಂದರೆ: ಒಳ್ಳೆಯದನ್ನು ಎಷ್ಟು ದೊಡ್ಡದು ಮಾಡುತ್ತದೋ ಕೆಟ್ಟದ್ದನ್ನೂ ಅಷ್ಟೇ ದೊಡ್ಡದು ಮಾಡುತ್ತದೆ.

ಮೊದಲ ಸಲ ಹಾಡು ಹಾಕಿದಾಗ ಗಾಯಕರು ಮೂಗು ಹಿಡಿದುಕೊಂಡು ಹಾಡಿದಂತಿತ್ತು. ಬಾಯಿಯ ಅಂಚು ಚೂಪಾಗಿ ಕೊನೆಗೊಂಡರೆ ಅಲ್ಲಿಂದ ಸ್ವಲ್ಪ ಶಬ್ದ ಒಳಕ್ಕೆ ಹಿಂತಿರುಗುತ್ತದೆ. ಅಂಚಿನ ಸುತ್ತ ಅಮ್ಮನ ಹಳೆಯ ನೂಲಿನ ಸೀರೆಯನ್ನು ದಿಂಡಾಗಿ ಸುತ್ತಿ ಹೊಲಿದೆ. ಗಂಟಲ ಹತ್ತಿರ ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿದ್ದ ಕಡೆ ಇನ್ನೂ ನಾಲ್ಕು ಪದರ ಕಾಗದ. ಅರ್ಧ ಮೂಗು ಹೋಯಿತು. ಉಳಿದದ್ದು ನಡುವಿನ ಸ್ವರಗಳು ಮುಂದೆ, ಮೇಲಿನವು ಹಿಂದೆ ಇದ್ದ ದೋಷ. ಅದಕ್ಕೆ ಯೂನಿಟ್ಟಿನ ಸಾಲಿನಲ್ಲಿ 16 ಓಮ್ ರೆಸಿಸ್ಟರ್, ರೆಸಿಸ್ಟರಿನ ಎರಡು ತುದಿಗೆ ಅಡ್ಡಲಾಗಿ ಸಣ್ಣ ಕೆಪಾಸಿಟರ್. ನಡುಸ್ವರ ತಗ್ಗುತ್ತದೆ, ಮೇಲಿನದು ಕೆಪಾಸಿಟರಿನ ಅಡ್ಡದಾರಿ ಹಿಡಿದು ಹಾಗೇ ಹೋಗುತ್ತದೆ. (ರೆಸಿಸ್ಟರ್ ಸೇರಿದರೆ ಒಟ್ಟು 32 ಓಮ್, ಆಗ 33 ಮೈಕ್ರೊಫ್ಯಾರಡ್ ತೆಗೆದು 15 ಹಾಕಬೇಕು. ಇದನ್ನು ಬರೆಯುತ್ತಿರುವುದು ನಾನು ಮರೆತಿದ್ದರಿಂದ.)

ಆ ಸಣ್ಣ ಕೆಪಾಸಿಟರು ಎಷ್ಟಿರಬೇಕು ಎಂಬುದರಲ್ಲಿ ನಮಗೂ ಅಪ್ಪನಿಗೂ ಜಗಳ. 2.2 ಹಾಕಿದಾಗ ನನಗೆ ಹಾಡು ಸರಿಯಾಗಿ ಕೂತಿತು. ಅಪ್ಪ ‘ಮಂಕು. ಇನ್ನೊಂಚೂರು ಶಾರ್ಪ್ ಹಾಕು’ ಎಂದರು. 3.3 ಹಾಕಿದೆ. ‘ಇನ್ನೂ.’ 4.7ಕ್ಕೆ ಹೋದಾಗ ಸ, ಶ ಬಂದಲ್ಲೆಲ್ಲ ನನಗೆ ಕಿವಿಯಲ್ಲಿ ಕಡ್ಡಿ ಆಡಿಸಿದಂತೆ. ಅಪ್ಪನ ಮುಖ ಮಾತ್ರ ಅರಳಿತು. ‘ಈಗ ನೋಡು, ಮಾತು ಬಿಡಿಬಿಡಿಯಾಗಿ ಕೇಳುತ್ತೆ.’ ಇಪ್ಪತ್ತು ವರ್ಷ ಟ್ಯೂನಿಂಗ್ ಮಾಡಿದವರು, ಅವರದೇ ಸರಿಯಿರಬೇಕು, ನನ್ನ ಕಿವಿಗೇ ಅಭ್ಯಾಸವಿಲ್ಲ ಎಂದು ಎರಡು ದಿನ 4.7ರಲ್ಲೇ ಬಿಟ್ಟೆ.

ನಮ್ಮ ಮನೆಯಲ್ಲೊಂದು ಹಳೆಯ ತಮಾಷೆಯಿದೆ. ಊಟಕ್ಕೆ ಕೂತಾಗ ಅಪ್ಪ ಬಡಿಸಲು ಬಂದರೆ ‘ಸಾಕು’ ಎನ್ನಬಾರದು, ಕೈ ಅಡ್ಡ ಹಿಡಿಯಬೇಕು. ‘ಸಾಕು’ ಎಂದರೆ ಇನ್ನೊಂದು ಸೌಟು ಬೀಳುತ್ತದೆ. ಪ್ರೀತಿ ಜಾಸ್ತಿ ಎಂದು ನೆಂಟರೆಲ್ಲ ನಗುತ್ತಾರೆ. ಆ ರಾತ್ರಿ ಅಪ್ಪ ನನ್ನ ತಟ್ಟೆಗೆ ಹಾಗೇ ಮತ್ತೊಂದು ಸೌಟು ಸಾರು ಸುರಿದಾಗ ನಾನು ನಗಲಿಲ್ಲ. ಅವರಿಗೆ ಕೇಳಿಸಿದ್ದು ‘ಹಾಕು’. ಸಕಾರದ ಸೀಟಿಯಂಥ ಸದ್ದು 4000 ಹರ್ಟ್ಸ್‌ನಿಂದ ಮೇಲೆಯೇ ಹೆಚ್ಚು. ಅದನ್ನು ತೆಗೆದರೆ ಸಾಕು ಹಾಕುವಿಗೆ ಹತ್ತಿರ.

ಊಟವಾದ ಮೇಲೆ ಹಾರ್ನಿನಲ್ಲಿ ಒಂದೊಂದೇ ಸ್ವರ ಹಾಕಿದೆ. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. 1000ಕ್ಕೆ ಕೈ ಎತ್ತಿದರು. 2000ಕ್ಕೆ ಎತ್ತಿದರು. 3000ಕ್ಕೆ ತಡೆದು ಎತ್ತಿದರು. 4000 ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ‘ಹಾಕಮ್ಮ’ ಎಂದರು.

‘ಹಾಕಿದೀನಿ ಅಪ್ಪ.’

ಅಡುಗೆಮನೆಯಿಂದ ಅಮ್ಮ ಕಿವಿ ಮುಚ್ಚಿಕೊಂಡು ಬಂದು ‘ಮೊದಲು ನಿಲ್ಸೇ ಅದನ್ನ’ ಎಂದಳು. ಅಪ್ಪ ಕಣ್ಣು ತೆರೆದು ನಮ್ಮಿಬ್ಬರ ಮುಖ ನೋಡಿದರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಆಟೋಗೆ ಪ್ಲಾಸ್ಟಿಕ್ ಹೊದಿಸಿ ಬರುತ್ತೇನೆಂದು ಕೆಳಗೆ ಹೋದರು. ಮಳೆಯೇನೂ ಇರಲಿಲ್ಲ.

ಜೋರು ಸದ್ದಿನಿಂದ ಕಿವಿ ಹಾಳಾದರೆ ಮೊದಲು ಹೋಗುವುದು 4000ದ ಆಸುಪಾಸು ಎಂದು ಆಮೇಲೆ ಓದಿದೆ. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧವಾಗುತ್ತ ಹೋಗಿ 100ಕ್ಕೆ ಬರುವಾಗ ಉಳಿಯುವುದು ಕಾಲು ಗಂಟೆ. 107ರ ಹಾರ್ನಿಗೆ 30 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 120 ಮೀರುತ್ತದೆ. ಜಾತ್ರೆಗಳಲ್ಲಿ ಅಪ್ಪ ಹಗಲು ರಾತ್ರಿ ಅದರ ಬುಡದಲ್ಲಿ ಮಲಗಿ ಏಳುತ್ತಿದ್ದರು. ಟ್ಯೂನಿಂಗ್ ಎಂದರೆ ಸ್ಪೀಕರಿನ ದೋಷ ತಿದ್ದುವುದು ಎಂದುಕೊಂಡಿದ್ದೆ. ಅಪ್ಪ 4.7ರಿಂದ ತಿದ್ದುತ್ತಿದ್ದುದು ತಮ್ಮ ಕಿವಿಯನ್ನು. ಅವರು ಟ್ಯೂನ್ ಮಾಡಿದ ಎಷ್ಟೋ ಗಣೇಶೋತ್ಸವಗಳಲ್ಲಿ ಊರಿನವರು ‘ಕಿವಿ ಕಚ್ಚುತ್ತೆ ಅಣ್ಣ’ ಎನ್ನುತ್ತಿದ್ದುದು, ಅಪ್ಪ ಅವರಿಗೆ ಸಂಗೀತ ಗೊತ್ತಿಲ್ಲ ಎನ್ನುತ್ತಿದ್ದುದು ನೆನಪಾಯಿತು.

ಕಾಗದದ ಹಾರ್ನನ್ನು ತರಗತಿಗೆ ಒಯ್ದದ್ದು ಘಟಕದ ಕೊನೆಯ ಪಾಠಕ್ಕೆ. ಪ್ರಯೋಗಾಲಯದಿಂದ ಕಿವಿಯ ರಚನೆಯ ಚಾರ್ಟನ್ನೂ ತಂದು ನೇತುಹಾಕಿದ್ದೆ. ಮಕ್ಕಳು ಹಾರ್ನಿನ ಬಾಯಿಗೆ ಕೈ ಹಾಕಿ ನೋಡಿದರು, ಸ್ಕೇಲ್ ಇಟ್ಟು ವ್ಯಾಸ ಅಳೆದು ಬರೆದುಕೊಂಡರು. ಆಮೇಲೆ ಆವರ್ತ ಎಂದರೇನೆಂದು ತೋರಿಸಲು ಸಣ್ಣ ವಾಲ್ಯೂಮಿನಲ್ಲಿ 500ರಿಂದ 6000ದವರೆಗೆ ಸ್ವರ ಹಾಕುತ್ತ ಹೋದೆ. ಕೇಳಿಸಿದ ಕೂಡಲೇ ಕೈ ಎತ್ತಬೇಕು.

ಎಲ್ಲ ಕೈಗಳೂ ಎದ್ದವು. ಕೊನೆಯ ಬೆಂಚಿನ ಒಬ್ಬ ಹುಡುಗನ ಕೈಯೂ ಎದ್ದಿತು, ಎಲ್ಲರದ್ದಾದ ಮೇಲೆ. ಎತ್ತುವ ಮೊದಲು ಅವನು ಪಕ್ಕದವನ ಕೈ ನೋಡಿದ. ಈ ನೋಟ ನನಗೆ ಗೊತ್ತು. ಅಪ್ಪ ಬಂಧುಗಳ ನಡುವೆ ಕೂತಾಗ ಎಲ್ಲರೂ ನಕ್ಕ ಮೇಲೆ ನಗುತ್ತಾರೆ.

ಎಲ್ಲರೂ ಕಣ್ಣು ಮುಚ್ಚಿ ಎಂದೆ. ಮತ್ತೆ 500, 1000, 2000. ಅವನ ಕೈ ಮಡಿಲಲ್ಲೇ ಇತ್ತು. ವಾಲ್ಯೂಮನ್ನು ಸಾಕಷ್ಟು ಏರಿಸಿದಾಗ ಎದ್ದಿತು, ಕೆಳಗಿನ ಸ್ವರಕ್ಕೂ ಮೇಲಿನದಕ್ಕೂ ಒಂದೇ ಥರ. ಅಪ್ಪನದು ಹೀಗಲ್ಲ. ಅಪ್ಪನಿಗೆ ಕೆಳಗಿನದು ಸ್ಪಷ್ಟ, ಮೇಲಿನದು ಇಲ್ಲವೇ ಇಲ್ಲ. ಇವನಿಗೆ ಎಲ್ಲವೂ ದೂರ. ನಾನು ವೈದ್ಯಳಲ್ಲ, ತರಗತಿಯಲ್ಲಿ ಮಾಡಿದ್ದು ಪರೀಕ್ಷೆಯೂ ಅಲ್ಲ. ಆದರೆ ಅವನ ಹೆಸರಿನ ಮುಂದೆ ನಾನೇ ಮೊದಲ ವಾರ ‘ಗಮನ ಕಡಿಮೆ’ ಎಂದು ಬರೆದಿದ್ದೆ.

ಉಳಿದ ಪಾಠವನ್ನು ಚಾರ್ಟಿನ ಮುಂದೆ ನಿಂತು ಮಾಡಿದೆ. ಯೋಜನೆಯಲ್ಲಿ ಇರಲಿಲ್ಲ. ಒಳಕಿವಿಯಲ್ಲಿರುವುದು ದ್ರವ. ಗಾಳಿಯ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಸಾವಿರಕ್ಕೆ ಒಂದು ಪಾಲಿನಷ್ಟೇ ಒಳಗೆ ಹೋಗುತ್ತದೆ, ಉಳಿದದ್ದು ಹಿಂದಕ್ಕೆ. ಯೂನಿಟ್ಟಿಗೂ ಗಾಳಿಗೂ ಇದ್ದ ಹೊಂದದ ಸಂಸಾರವೇ ಇಲ್ಲಿಯೂ. ಅದನ್ನು ಹೊಂದಿಸುವುದು ಕಿವಿತಮಟೆ ಮತ್ತು ಮೂರು ಪುಟ್ಟ ಮೂಳೆ. ತಮಟೆಯ ವಿಸ್ತೀರ್ಣ ಕೊನೆಯ ಮೂಳೆಯ ಪಾದದ ಸುಮಾರು 17 ಪಟ್ಟು, ಮೂಳೆಗಳ ಸನ್ನೆಯೂ ಸೇರಿ ಒತ್ತಡ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ‘ಹಾಗಾದ್ರೆ ಇದು ತಿರುಗಿಸಿಟ್ಟ ಹಾರ್ನ್ ಮಿಸ್’ ಎಂದಳು ಕಿಟಕಿ ಪಕ್ಕದವಳು. ನಾನೇ ಹೇಳಬೇಕೆಂದಿದ್ದೆ, ಅವಳು ಬಿಡಲಿಲ್ಲ.

ಪಾಠದ ನಂತರ ವಿಷಯವನ್ನು ತರಗತಿ ಶಿಕ್ಷಕರಿಗೆ ತಿಳಿಸಿದೆ. ಅವರು ಮರುದಿನವೇ ತಾಯಿಯನ್ನು ಕರೆಸಿದರು. ಮೂರನೇ ತರಗತಿಯಿಂದ ಎರಡೂ ಕಿವಿ ಸೋರುತ್ತಿತ್ತಂತೆ, ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದರಂತೆ. ಆಕೆ ಅಳುತ್ತ ‘ಕರೆದ್ರೆ ತಿರುಗಲ್ಲ ಅಂತ ಎಷ್ಟು ಹೊಡೆದಿದೀನಿ ಮೇಡಂ’ ಎಂದರು. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಕಿವಿಯ ತಪಾಸಣೆಯೂ ಇದೆ, ಮುಂದಿನ ಚಿಕಿತ್ಸೆಗೆ ಕಳಿಸುವ ದಾರಿಯೂ ಇದೆ. ಆಸ್ಪತ್ರೆಯಲ್ಲಿ ಎರಡೂ ತಮಟೆಯಲ್ಲಿ ತೂತಿದೆ, ಎಡಗಡೆಯದು ದೊಡ್ಡದು ಎಂದರು. ಮೊದಲು ಸೋರುವುದು ನಿಲ್ಲಬೇಕು, ಎಣ್ಣೆ, ನೀರು ಬಿಡಬಾರದು, ಆಮೇಲೆ ಶಸ್ತ್ರಚಿಕಿತ್ಸೆಯ ಮಾತು.

ಅಪ್ಪನನ್ನು ಆಡಿಯೋಗ್ರಾಮಿಗೆ ಕರೆದುಕೊಂಡು ಹೋಗಲು ಮೂರು ವಾರ ಬೇಕಾಯಿತು. ಕಾಗದದ ಮೇಲಿನ ಗೆರೆ 3000ದ ನಂತರ ಕೆರೆಗೆ ಇಳಿದಂತೆ ಇಳಿದಿತ್ತು. ಶ್ರವಣ ಸಾಧನ ಹಾಕಿಕೊಳ್ಳಲು ಇನ್ನೂ ಒಪ್ಪಿಲ್ಲ, ‘ಆಟೋ ಓಡ್ಸೋಕೆ ಅದ್ಯಾಕೆ’ ಎನ್ನುತ್ತಾರೆ. ಸದ್ಯಕ್ಕೆ ಸ್ಪೀಕರಿನ ಹಿಂದೆ ಒಂದು ಸ್ವಿಚ್ ಹಾಕಿದ್ದೇನೆ, ಒಂದು ಕಡೆ 2.2, ಇನ್ನೊಂದು ಕಡೆ 4.7. ಅಪ್ಪ ಒಬ್ಬರೇ ಹಾಡು ಕೇಳುವಾಗ ಅವರ ಕಡೆಗೆ ಒತ್ತಿಕೊಳ್ಳುತ್ತಾರೆ. ನಾವು ಬಂದರೆ ಅವರೇ ಎದ್ದು ಹೋಗಿ ಬದಲಿಸುತ್ತಾರೆ.

ನನ್ನ ಧ್ವನಿ ದೊಡ್ಡದಾಗಿಲ್ಲ. ಕಿಟಕಿಯ ಕಡೆಯ ಬೆಂಚುಗಳನ್ನು ಒಳಗೆ ಸರಿಸಿ, ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಂತು, ಹಲಗೆಯ ಕಡೆ ತಿರುಗಿದಾಗ ಮಾತಾಡುವುದನ್ನು ಬಿಟ್ಟಿದ್ದೇನೆ. ಕೊನೆಯ ಎರಡು ವೀಕ್ಷಣೆಯಲ್ಲಿ ಧ್ವನಿಯ ಬಗ್ಗೆ ಷರಾ ಇಲ್ಲ. ಆ ಹುಡುಗ ಈಗ ಎರಡನೇ ಬೆಂಚಿನಲ್ಲಿ, ಬಲಗಿವಿ ನನ್ನ ಕಡೆಗಿರುವಂತೆ ಕೂರುತ್ತಾನೆ. ಬೋಧನಾಭ್ಯಾಸ ಮುಗಿಯುವ ಹಿಂದಿನ ದಿನ ಊಟದ ಬಿಡುವಿನಲ್ಲಿ ಹತ್ತಿರ ಬಂದ. ಮೇಜಿನ ಮೇಲಿದ್ದ ಹಾರ್ನಿನ ಬಾಯಿಯ ಮೇಲೆ ಬೆರಳಾಡಿಸುತ್ತ ಕೇಳಿದ:

‘ಮಿಸ್, ನನ್ ಕಿವಿ ತೂತಿಗೂ ಹಿಂಗೇ ಕಾಗದ ಅಂಟಿಸ್ತಾರಾ?’

ನನಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬಂದು ನಾಳೆ ಹೇಳ್ತೀನಿ ಎಂದೆ, ಅವನ ಬಲಗಡೆಗೆ ಬಂದು ನಿಂತು.